ತವರಿನ ಲಾಭವೋ, ತವರಿನ ಬಲವೋ? ನಾಳೆ ಸಂಜೆಯೊಳಗೆ ಬೇಕು

ಬಳ್ಳಾರಿಯಿಂದ

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕಡೆಯ ಪಿಟಿ ಮೇಷ್ಟ್ರುಗಳಿಗಾಗಿ ಒಂದು ಪುಟ್ಟ ಪುಸ್ತಕವನ್ನು ಇಂಗ್ಲಿಷಿನಿಂದ ತರುತ್ತಿದ್ದೇನೆ. ದೊಡ್ಡ ದೊಡ್ಡ ಲೀಗ್‌ಗಳು ಹೇಗೆ ನಡೆಯುತ್ತವೆ ಅನ್ನೋದು ಅದರ ವಿಷಯ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಎಲ್ಲ ಮುಗಿದಿದೆ, 'ಹೋಮ್ ಅಡ್ವಾಂಟೇಜ್' ಅನ್ನೋ ಒಂದು ಮಾತಿನ ಹತ್ತಿರ ಎರಡು ದಿನದಿಂದ ನಿಂತಿದ್ದೇನೆ.

ಪೇಪರಿನಲ್ಲಿ ಓದಿದ ನೆನಪಿನಿಂದ 'ತವರಿನ ಲಾಭ' ಅಂತ ಹಾಕಿದ್ದೆ. ಮೊದಲ ಪುಟದಲ್ಲಿ ಅದು ಹೇಗೋ ಕೂತಿತು. ಸ್ವಂತ ಮೈದಾನದಲ್ಲಿ ಆಡುವ ತಂಡ ಜಾಸ್ತಿ ಗೆಲ್ಲುತ್ತದೆ ಅನ್ನೋದು ಅಲ್ಲಿನ ವಿಷಯ. ಪಿಚ್ ಗೊತ್ತಿರುತ್ತದೆ, ರಾತ್ರಿ ಪ್ರಯಾಣದ ದಣಿವು ಇರುವುದಿಲ್ಲ, ಜನ ನಮ್ಮವರೇ.

ಮುಂದಿನ ಪುಟದಲ್ಲಿ ಅದೇ ಮಾತು ಬೇರೆ ಕೆಲಸ ಮಾಡುತ್ತಿದೆ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಫೈನಲ್ ಅಂದರೆ ಏಳು ಪಂದ್ಯಗಳ ಸರಣಿ. ನಾಲ್ಕು ಗೆದ್ದವರಿಗೆ ಕಪ್. ಲೀಗಿನಲ್ಲಿ ಜಾಸ್ತಿ ಗೆದ್ದ ತಂಡದ ಊರಲ್ಲಿ ಮೊದಲ ಎರಡು, ಎದುರಾಳಿಯ ಊರಲ್ಲಿ ಮುಂದಿನ ಎರಡು, ಆಮೇಲೆ ಅಲ್ಲಿ ಇಲ್ಲಿ ಒಂದೊಂದು. ಏಳನೆಯದರ ತನಕ ಹೋದರೆ ಅದೂ ಆ ಮೊದಲ ತಂಡದ ಊರಲ್ಲೇ. ಹಾಗೆ ಸಿಗುವ ಈ ಅವಕಾಶಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು.

'ಹೆಚ್ಚು ಗೆದ್ದ ತಂಡ ತವರಿನ ಲಾಭ ಗಳಿಸುತ್ತದೆ' ಅಂತ ಬರೆದು ಒಬ್ಬ ಮೇಷ್ಟ್ರಿಗೆ ತೋರಿಸಿದೆ. 'ಟಿಕೆಟ್ ದುಡ್ಡು ಅವರಿಗೇ ಹೋಗುತ್ತದಾ?' ಅಂತ ಕೇಳಿದರು. ತಪ್ಪು ಅವರದಲ್ಲ. ಲಾಭ ಅಂದರೆ ಈ ಊರಲ್ಲಿ ಮೊದಲು ಹೊಳೆಯುವುದು ವ್ಯಾಪಾರ. ಇನ್ನೇನು ಹಾಕಲಿ? ದಯವಿಟ್ಟು ಯಾರಾದರೂ ಹೇಳಿ.

ರಾಯಚೂರಿನಿಂದ

ತವರು ಬೇಡ. ಅದು ಮದುವೆಯಾಗಿ ಹೋದ ಹೆಣ್ಣುಮಗಳ ಮಾತು. ತಂಡ ಯಾರ ಮನೆಗೂ ಸೊಸೆಯಾಗಿ ಹೋಗಿಲ್ಲ. ಲಾಭವೂ ಬೇಡ, ಅದು ಸಂಸ್ಕೃತ. 'ನೆಲಬಲ್ಮೆ' ಅನ್ನಿ. ಬಲ್ಮೆ ಹಳಗನ್ನಡದ್ದು, ಬಲ್ಲಿದ ಅನ್ನೋ ಮಾತಿನ ಬಳಗ. ನೆಲವಂತೂ ನಮ್ಮದೇ. ಇಷ್ಟು ಚೆಂದದ ಬೇರುಗಳು ಕೈಯಲ್ಲಿರುವಾಗ ಎರಡು ದಿನ ಯಾಕೆ ನಿಲ್ಲಬೇಕು?

ಸಿರುಗುಪ್ಪದಿಂದ

'ಹೋಮ್ ಗ್ರೌಂಡ್' ಅಂತಲೇ ಬಿಡಿ ಸರ್, ನಮ್ಮ ಹುಡುಗರಿಗೆ ಅದೇ ಗೊತ್ತು. ಅಧ್ಯಾಯದ ತಲೆಬರಹಕ್ಕೆ ಬೇಕಿದ್ದರೆ ಗಾದೆ ಇದೆಯಲ್ಲ, 'ತನ್ನೂರಲ್ಲಿ ರಂಗ, ಪರೂರಲ್ಲಿ ಮಂಗ'. ಇಡೀ ವಿಷಯ ಅದರಲ್ಲೇ ಬಂತು.

ರಾಯಚೂರಿನಿಂದ

ಕೇಳಿದ್ದು ಪದ. ಗಾದೆ ಅಲ್ಲ.

ಕೊಪ್ಪಳದಿಂದ

ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಕಬಡ್ಡಿ ಆಡಿದವಳು. ತವರು ಬಿಡಬೇಡಿ ಅಂತ ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ರಾಯಚೂರಿನ ಸರ್, ತವರು ಹೆಣ್ಣುಮಕ್ಕಳ ಮಾತು, ನಿಜ. ಆದರೆ ಅದು ಸುಮ್ನೆ 'ಮನೆ' ಅಲ್ಲ. ಬಿಟ್ಟು ಹೋದವಳಿಗೆ ಮಾತ್ರ ತವರು ಇರುತ್ತದೆ. ಹುಟ್ಟಿದ ಮನೆಯಲ್ಲೇ ಇರುವ ಹುಡುಗಿ ಅದನ್ನು ತವರು ಅನ್ನೋದಿಲ್ಲ, ಅಲ್ವಾ? ತಂಡಗಳ ಕತೆಯೂ ಅದೇ. ಐಪಿಎಲ್‌ನಲ್ಲಿ ಲೀಗ್ ಹಂತದ 14 ಪಂದ್ಯಗಳಲ್ಲಿ ಏಳು ತಮ್ಮೂರಲ್ಲಿ, ಏಳು ಬೇರೆಯವರ ಊರಲ್ಲಿ. ಹೊರಗೆ ಹೋಗಿ ಬರುವವರಿಗೇ ಆ ಏಳು ಪಂದ್ಯಗಳ ಬೆಲೆ ಗೊತ್ತು. ಬೇರೆ ಊರಿನ ಮ್ಯಾಟ್ ಮೇಲೆ ರೈಡ್‌ಗೆ ಹೋದಾಗ ಸುತ್ತ ಇರುವ ಅಷ್ಟೂ ಜನ ನಾನು ಔಟಾಗಲಿ ಅಂತ ಕೂಗುತ್ತಿದ್ದರು. 'ಕಬಡ್ಡಿ ಕಬಡ್ಡಿ' ಅನ್ನೋ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ವಾಪಸ್ ಬಂದು ನಮ್ಮ ಅಂಗಳದಲ್ಲಿ ನಿಂತಾಗ ಆಗುತ್ತಿದ್ದ ಸಮಾಧಾನಕ್ಕೆ ತವರು ಅನ್ನೋದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ. ನೆಲಬಲ್ಮೆಯಲ್ಲಿ ಆ ಹೋಗಿ ಬರುವುದು ಇಲ್ಲ.

ಅದೂ ಅಲ್ಲದೆ ತವರು ಅಂದರೆ 'ತಾಯವರ ಮನೆ'ಯೇ ಸವೆದು ಬಂದಿದ್ದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಾನು ಅದನ್ನೇ ನಂಬಿದ್ದೇನೆ.

ರಾಯಚೂರಿನಿಂದ

ತಂಗೀ, ಹೋಗಿ ಬರುವ ಮಾತು ಚೆನ್ನಾಗಿದೆ, ಒಪ್ಪಿದೆ. ಆದರೆ 'ತಾಯವರ ಮನೆ' ಒಪ್ಪುವುದಿಲ್ಲ. ಒಂದು ಶಾಸನವನ್ನೋ ಹಳೆಯ ಕಾವ್ಯದ ಸಾಲನ್ನೋ ತೋರಿಸಿ. ತವರ ಅಂದರೆ ಪಾತ್ರೆಗೆ ಕಲಾಯಿ ಹಾಕುವ ಲೋಹವೂ ಹೌದು. ಹಾಗಂತ ಅದಕ್ಕೂ ತಾಯಿಗೂ ಗಂಟು ಹಾಕುತ್ತೀರಾ? ಸದ್ದು ಹೊಂದಿದ ಮಾತ್ರಕ್ಕೆ ಪದದ ಹುಟ್ಟು ಹೇಳಬಾರದು. ನಲವತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ, ಈ ಒಂದು ಚಟದಿಂದ ಆದ ಹಾನಿಯನ್ನು ಕಣ್ಣಾರೆ ನೋಡಿದ್ದೇನೆ.

ಸಿಂಧನೂರಿನಿಂದ

ಎಲ್ಲರೂ ತವರಿನ ಸುತ್ತ ತಿರುಗುತ್ತಿದ್ದೀರಿ. ಬಳ್ಳಾರಿಯವರ ತೊಡಕು ಅಲ್ಲಿಲ್ಲ, ಅದರ ಮುಂದಿನ ಮಾತಿನಲ್ಲಿದೆ. ಇಂಗ್ಲಿಷಿನವರು ಎರಡು ಬೇರೆ ಬೇರೆ ಸಂಗತಿಗೆ ಒಂದೇ ಹೆಸರಿಟ್ಟಿದ್ದಾರೆ. ನಾವೂ ಒಂದೇ ಹೆಸರು ಹುಡುಕಬೇಕು ಅನ್ನೋ ಕಾನೂನಿಲ್ಲ. ಒಂದು, ತಮ್ಮೂರಲ್ಲಿ ಆಡುವುದರಿಂದ ಮೈಗೂ ಮನಸ್ಸಿಗೂ ಬರುವ ಶಕ್ತಿ. ಅದಕ್ಕೆ 'ತವರಿನ ಬಲ'. ಇನ್ನೊಂದು, ಪಂದ್ಯ ಯಾರ ಊರಲ್ಲಿ ಅಂತ ನಿಯಮ ಕೊಡುವ ಅಧಿಕಾರ. ಅದಕ್ಕೆ 'ತವರಿನ ಹಕ್ಕು'. ಬಲ ಬರುತ್ತದೆ, ಹೋಗುತ್ತದೆ. ಹಕ್ಕನ್ನು ಗಳಿಸುತ್ತಾರೆ, ಕಳೆದುಕೊಳ್ಳುತ್ತಾರೆ. ಕ್ರಿಯಾಪದಗಳೇ ಬೇರೆ, ಆದ್ದರಿಂದ ಪದವೂ ಬೇರೆ ಇರಬೇಕು.

ಇವು ನಿಜವಾಗಿ ಬೇರೆ ಬೇರೆಯೇ ಅಂತ ಕೇಳಿದರೆ, 2020 ನೆನಪಿಸಿಕೊಳ್ಳಿ. ಕೊರೊನಾ ಮಧ್ಯೆ ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗ ಮೇ 16ಕ್ಕೆ ಮತ್ತೆ ಶುರುವಾಯಿತು. ವೇಳಾಪಟ್ಟಿ ಅದೇ, ಮೈದಾನ ಅದೇ, ಹಕ್ಕೂ ಅದೇ. ಜನ ಮಾತ್ರ ಇಲ್ಲ. ತವರಿನ ತಂಡಗಳ ಗೆಲುವು ಎದ್ದು ಕಾಣುವಷ್ಟು ಕಡಿಮೆಯಾಯಿತು. ಹಕ್ಕು ಉಳಿಯಿತು, ಬಲ ಇಳಿಯಿತು. ಒಂದೇ ಪದ ಇಟ್ಟುಕೊಂಡು ಈ ವಾಕ್ಯ ಬರೆಯಲು ನೋಡಿ, ಆಗುವುದಿಲ್ಲ.

ಜನರ ಕೂಗು ಆಟಗಾರರಿಗಷ್ಟೇ ತಾಗುವುದಲ್ಲ. ಇಂಗ್ಲೆಂಡಿನಲ್ಲಿ 40 ಜನ ರೆಫರಿಗಳಿಗೆ ಒಂದೇ ಫುಟ್‌ಬಾಲ್ ಪಂದ್ಯದ ಟೇಪ್ ತೋರಿಸಿದ್ದರು. ಕೆಲವರಿಗೆ ಜನರ ಸದ್ದಿನ ಜೊತೆ, ಉಳಿದವರಿಗೆ ಸದ್ದು ತೆಗೆದು. ಸದ್ದು ಕೇಳಿದವರು ತವರಿನ ತಂಡದ ಮೇಲೆ ಕಡಿಮೆ ಫೌಲ್ ಕೊಟ್ಟರು. 2002ರಲ್ಲಿ ಅದು ಪ್ರಕಟವಾಯಿತು. ಕೊಪ್ಪಳದ ಅಕ್ಕ ಹೇಳಿದ ಆ ಕೂಗು ಅಂಪೈರ್ ಕೈಯನ್ನೂ ತಡೆಯುತ್ತದೆ ಅಂತಾಯಿತು.

ನಮ್ಮ ಆರ್‌ಸಿಬಿಯನ್ನೇ ತೆಗೆದುಕೊಳ್ಳಿ. 2025ರ ಮೇನಲ್ಲಿ ಹೈದರಾಬಾದ್ ಮೇಲಿನ ಪಂದ್ಯ ಬೆಂಗಳೂರಿನಲ್ಲಿ ಆಗಬೇಕಿತ್ತು. ಮಳೆಯ ಕಾರಣಕ್ಕೆ ಲಕ್ನೋಗೆ ಹೋಯಿತು. ಪಟ್ಟಿಯಲ್ಲಿ ಅದು ಆರ್‌ಸಿಬಿಯ ತವರಿನ ಪಂದ್ಯ. ಲಕ್ನೋದಲ್ಲಿ ಎಲ್ಲಿಯ ತವರು? ಹಕ್ಕು ಮಾತ್ರ ಉಳಿದಿತ್ತು. 42 ರನ್‌ಗಳಿಂದ ಸೋತರು.

2016ರದ್ದು ಇದರ ತಿರುಗುಮುರುಗು. ಆ ವರ್ಷದ ಫೈನಲ್ ಮುಂಬೈಗೆ ಗೊತ್ತಾಗಿತ್ತು. ಮಹಾರಾಷ್ಟ್ರದಲ್ಲಿ ಬರ ಬಿದ್ದಿತ್ತು. ಏಪ್ರಿಲ್ 30ರ ನಂತರದ ಪಂದ್ಯಗಳನ್ನು ಹೊರಗೆ ಒಯ್ಯಿರಿ ಅಂತ ಬಾಂಬೆ ಹೈಕೋರ್ಟ್ ಹೇಳಿತು. ಫೈನಲ್ ಚಿನ್ನಸ್ವಾಮಿಗೆ ಬಂತು, ಆರ್‌ಸಿಬಿಯೂ ಫೈನಲ್‌ಗೆ ಬಂತು. ಅಂಕಪಟ್ಟಿಯಿಂದ ಗಳಿಸಿದ ಹಕ್ಕಲ್ಲ ಅದು, ಬರದಿಂದ ತಾನಾಗಿ ಒದಗಿದ ಬಲ. ಆ ಬಲವೂ ಸಾಕಾಗಲಿಲ್ಲ, ಎಂಟು ರನ್‌ಗಳಿಂದ ಕಪ್ ಹೋಯಿತು. ಆ ರಾತ್ರಿ ನಾನು ಊಟ ಮಾಡಿರಲಿಲ್ಲ.

ಹಕ್ಕನ್ನು ತೀರ್ಮಾನಿಸುವ ರೀತಿಯೂ ಒಂದೊಂದು ಕಡೆ ಒಂದೊಂದು. ಎನ್‌ಬಿಎಯಲ್ಲಿ ಲೀಗಿನ ಗೆಲುವು ನೋಡಿ ಕೊಡುತ್ತಾರೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಎರಡು ಲೀಗಿನ ಚಾಂಪಿಯನ್ನರು ಫೈನಲ್ ಆಡುತ್ತಾರೆ. ಹಕ್ಕು ಮೊದಲು ಆ ಲೀಗ್‌ಗಳಿಗೆ ಪಾಳಿ ಪ್ರಕಾರ ಹೋಗುತ್ತಿತ್ತು. 2003ರಿಂದ 2016ರ ತನಕ ಆಲ್ ಸ್ಟಾರ್ ಅನ್ನೋ ಒಂದು ಪ್ರದರ್ಶನ ಪಂದ್ಯ ಗೆದ್ದ ಲೀಗಿಗೆ ಕೊಟ್ಟರು. ಇಡೀ ವರ್ಷ ಬೆವರು ಸುರಿಸಿದವರ ಹಕ್ಕನ್ನು ಬೇರೆ ಯಾರೋ ಒಂದು ಸಂಜೆಯ ಆಟದಲ್ಲಿ ತೀರ್ಮಾನಿಸುವುದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ. 2017ರಿಂದ ಅಲ್ಲಿಯೂ ಹೆಚ್ಚು ಗೆದ್ದವರಿಗೇ. ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಹಕ್ಕಿನ ಮಾತೇ ಇಲ್ಲ. ಊರು ಎಷ್ಟೋ ಮೊದಲೇ ಗೊತ್ತಾಗಿರುತ್ತದೆ. ಆದರೂ 2021ರಲ್ಲಿ ಟ್ಯಾಂಪಾ ಬೇ ತಂಡ ತನ್ನದೇ ಮೈದಾನದಲ್ಲಿ ಆಡಿ ಗೆದ್ದಿತು, ಹಾಗಾಗಿದ್ದು ಅದೇ ಮೊದಲು. ಅಲ್ಲಿ 'ಹಕ್ಕು ಗಳಿಸಿತು' ಅಂತ ಬರೆದರೆ ತಪ್ಪು. 'ತವರು ಒದಗಿ ಬಂತು' ಅನ್ನಬೇಕು.

ರಾಯಚೂರಿನಿಂದ

ಉದ್ದ ಬರೆದಿದ್ದೀರಿ, ಓದಿದೆ. ಎರಡು ಸಂಗತಿ ಅನ್ನೋದು ಸರಿ. ಪದಗಳು ಸರಿಯಿಲ್ಲ. ಬಲ ಸಂಸ್ಕೃತ, ಹಕ್ಕು ಅರಬ್ಬಿ, ಮೈದಾನ ಪಾರಸಿ. ಮೂರೂ ಎರವಲು. ಒಂದಕ್ಕೆ ನೆಲಬಲ್ಮೆ, ಇನ್ನೊಂದಕ್ಕೆ ನೆಲದೊಡೆತನ. ಮೈದಾನಕ್ಕೆ ಬಯಲು.

ಸಿರುಗುಪ್ಪದಿಂದ

ನೆಲದೊಡೆತನ ಅಂದರೆ ಸ್ಟೇಡಿಯಂ ಖರೀದಿ ಮಾಡಿದ ಹಾಗೆ ಕೇಳುತ್ತದೆ ಸರ್. ಲಾಭಕ್ಕಿಂತ ದೊಡ್ಡ ಗೊಂದಲ. ಬಯಲು ಅಂದರೆ ಗೆರೆಯೂ ಇಲ್ಲ, ಗ್ಯಾಲರಿಯೂ ಇಲ್ಲ.

ಕೊಪ್ಪಳದಿಂದ

ಹಕ್ಕು ಪರರದು ಅಂದಿದ್ದಕ್ಕೆ ನನಗೆ ನಿಜವಾಗಲೂ ನೋವಾಯಿತು ಸರ್. ನಿಮ್ಮ ರಾಯಚೂರು, ನಮ್ಮ ಕೊಪ್ಪಳ ಎರಡೂ 1948ರ ತನಕ ನಿಜಾಮರ ಕೈಕೆಳಗೆ ಇದ್ದವು. ತಾಲೂಕು, ತಹಶೀಲ್ದಾರ, ಜಮೀನು, ವಸೂಲಿ, ದಾಖಲೆ, ಈ ಮಾತುಗಳನ್ನು ನಮ್ಮ ಅಜ್ಜಂದಿರು ಪುಸ್ತಕದಿಂದ ಕಲಿತಿದ್ದಲ್ಲ. ಕಚೇರಿ ಮುಂದೆ ಬಿಸಿಲಲ್ಲಿ ನಿಂತು ಕಲಿತರು. ನಮ್ಮ ಎರಡು ಎಕರೆ ಹೊಲದ ಮೇಲೆ ನನ್ನ ತಾಯಿಗಿರುವುದು ಹಕ್ಕೇ. ಬೇರೆ ಯಾವ ಮಾತಿನಿಂದ ಅವರು ಅದನ್ನು ಕೇಳಬೇಕು? ಹೊರಗಿನಿಂದ ಬಂದ ಮಾತು ಇಷ್ಟು ತಲೆಮಾರು ನಮ್ಮ ಜೊತೆ ದುಡಿದ ಮೇಲೆ ಅದು ಮನೆಯವರದೇ.

ರಾಯಚೂರಿನಿಂದ

ನಿಮ್ಮ ತಾಯಿಯ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ ತಂಗೀ. ಮನಸ್ಸಿಗೆ ನೋವಾಗಿದ್ದರೆ ತಪ್ಪಾಯಿತು. ಬಂದು ನೆಲೆ ನಿಂತ ಮಾತನ್ನು ಓಡಿಸಿ ಅಂತ ನಾನು ಯಾವತ್ತೂ ಹೇಳಿಲ್ಲ. ನಾನು ಕೇಳುವುದು ಒಂದೇ. ಹೊಸದಾಗಿ ಪದ ಕಟ್ಟುವಾಗಲಾದರೂ ಮೊದಲು ನಮ್ಮ ಬೇರುಗಳ ಕಡೆ ಕೈ ಚಾಚಬೇಕು. ಬಳಸದೆ ಬಿಟ್ಟ ಬೇರು ಒಣಗುತ್ತದೆ. ಬಲ್ಮೆ ಅನ್ನೋ ಮಾತು ನನ್ನ ಶಿಷ್ಯರಲ್ಲಿ ಎಷ್ಟು ಜನಕ್ಕೆ ಗೊತ್ತು? ಅದನ್ನು ಒಂದು ಆಟದ ಪುಸ್ತಕದಲ್ಲಿ ನೋಡಬೇಕು ಅನ್ನೋ ಆಸೆ ನನಗಿತ್ತು.

ಸಿಂಧನೂರಿನಿಂದ

ಆಸೆ ಒಳ್ಳೆಯದೇ ಸರ್. ಆದರೆ ಪಿಟಿ ಮೇಷ್ಟ್ರು ಮೈದಾನದ ಮಧ್ಯೆ ನಿಂತು ಹುಡುಗರಿಗೆ ಕೂಗಿ ಹೇಳಬೇಕಾದ ಮಾತು ಇದು. ಎರಡನೇ ಸಲ ಬಿಡಿಸಿ ಹೇಳಬೇಕಾದ ಪದ ಅಲ್ಲಿ ನಿಲ್ಲುವುದಿಲ್ಲ.

ಬಳ್ಳಾರಿಯಿಂದ

ನಿಮ್ಮೆಲ್ಲರಿಗೂ ನಾನು ಋಣಿ. ಬೆಳಿಗ್ಗೆಯಿಂದ ಕೂತು ಆ ಎರಡು ಪುಟ ತಿದ್ದಿದೆ. ಈಗ ಹೀಗಿದೆ: 'ಲೀಗಿನಲ್ಲಿ ಹೆಚ್ಚು ಗೆದ್ದ ತಂಡ ತವರಿನ ಹಕ್ಕು ಗಳಿಸುತ್ತದೆ. ಏಳನೇ ಪಂದ್ಯ ಬೇಕಾದರೆ ಅದು ಆ ತಂಡದ ಊರಲ್ಲೇ ನಡೆಯುತ್ತದೆ. ಪ್ರೇಕ್ಷಕರಿಲ್ಲದಿದ್ದರೆ ಹಕ್ಕು ಇದ್ದರೂ ತವರಿನ ಬಲ ಕುಗ್ಗುತ್ತದೆ.' ಅದೇ ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿದೆ. ಈ ಸಲ ದುಡ್ಡಿನ ಮಾತು ಬರಲಿಲ್ಲ. 'ಹಾಗಾದರೆ ನಮ್ಮ ಬಳ್ಳಾರಿ ಟಸ್ಕರ್ಸ್‌ಗೆ ಎರಡೂ ಇರಲಿಲ್ಲ' ಅಂದರು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಕ್ರಿಕೆಟ್ ಪಂದ್ಯಗಳು ಬೆಂಗಳೂರು, ಮೈಸೂರಿನಲ್ಲಿ ಆಗಿದ್ದವು. ಬಳ್ಳಾರಿ ಹೆಸರಿನ ತಂಡ ಫೈನಲ್ ತನಕ ಹೋಯಿತು, ಬಳ್ಳಾರಿಯ ಜನ ಟಿವಿಯಲ್ಲಿ ನೋಡಿದರು. ಅವರು ಹೇಳಿದ ಮೇಲೆ ಆ ಉದಾಹರಣೆಯನ್ನೂ ಸೇರಿಸಿದ್ದೇನೆ.

ರಾಯಚೂರಿನ ಸರ್, 'ತವರಿನ ಬಲ' ಬರುವ ಮೊದಲ ಜಾಗದಲ್ಲಿ ಅಡಿಯಲ್ಲಿ ಒಂದು ಸಾಲು ಹಾಕಿದ್ದೇನೆ: 'ಹಳಗನ್ನಡದಲ್ಲಿ ಬಲ್ಮೆ.' ಇದು ನಿಮ್ಮ ಸಮಾಧಾನಕ್ಕಲ್ಲ, ಆ ಮಾತು ನನಗೂ ಇಷ್ಟವಾಯಿತು.

ಕೊನೆಯದು ಒಂದು. ಯಾರಿಗೂ ತವರಲ್ಲದ ಊರಿಗೆ 'ತಟಸ್ಥ ಸ್ಥಳ' ಅಂತ ಇದೆ. 2016-17ರ ರಣಜಿ ಟ್ರೋಫಿಯಲ್ಲಿ ಎಲ್ಲ ಪಂದ್ಯಗಳನ್ನೂ ಹಾಗೆ ಆಡಿಸಿ, ಮುಂದಿನ ವರ್ಷವೇ ಹಳೆಯ ಪದ್ಧತಿಗೆ ಬಂದರಲ್ಲ, ಅದನ್ನು ವಿವರಿಸುವ ಕಡೆ ಬೇಕು. ತಟಸ್ಥ ಅಂದರೆ ಪಕ್ಷ ವಹಿಸದವನು. ಊರಿಗೆ ಅದು ಹೊಂದುತ್ತಿಲ್ಲ. ಪ್ರೆಸ್ಸಿನವರು ಆರು ಗಂಟೆಗೆ ಬಾಗಿಲು ಹಾಕುತ್ತಾರೆ.

ಕೊಪ್ಪಳದಿಂದ

ನಾವು ಆಡುವಾಗ 'ಮೂರನೇ ಊರು' ಅನ್ನುತ್ತಿದ್ದೆವು. 'ಫೈನಲ್ ಮೂರನೇ ಊರಲ್ಲಿ ಇಟ್ಟಿದ್ದಾರೆ' ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ರಾಯಚೂರಿನಿಂದ

ಮೂರನೇ ಊರು. ಅಚ್ಚಗನ್ನಡ. ಹಾಕಿ.