ಬೆಟ್ಟದ ಇಳಿಜಾರಿನಲ್ಲಿ ವೈನ್ ದ್ರಾಕ್ಷಿ ಹಾಕಿದವರು ಅನುಭವ ಹೇಳಿ

ಹುರುಳಿಹೊಲ (ಪಾಂಡವಪುರ): ಮೇಲುಕೋಟೆ ಬೆಟ್ಟದ ಕಡೆ ತಾತನ ಕಾಲದ ಎರಡೂವರೆ ಎಕರೆ ಇದೆ. ಇಳಿಜಾರು, ಗರಸು ಮಣ್ಣು. ಹುರುಳಿ ಬಿಟ್ಟು ಬೇರೇನೂ ಬೆಳೆದಿಲ್ಲ. ಬೋರ್‌ನಲ್ಲಿ ಒಂದಿಂಚು ನೀರು. ಒಳ್ಳೆ ಕೆಂಪು ವೈನಿಗೆ ಆಗುವ ಕ್ಯಾಬರ್ನೆ, ಶಿರಾಜ್ ಹಾಕುವ ಆಸೆ. ಬೆಟ್ಟದ ನೆಲದ ಗುಣ ವೈನಿನ ರುಚಿಯಲ್ಲಿ ಬರುತ್ತೆ ಅಂತಾರಲ್ಲ, ನಮ್ಮ ಕಡೆ ಅದು ಬರುತ್ತಾ? ಹಾಕಿ ನೋಡಿದವರು ಹೇಳಿ.

ಗರಸುನೆಲ (ನಾಗಮಂಗಲ): 2012ರಲ್ಲಿ ಎರಡು ಎಕರೆ ಹಾಕಿದೆ. 2019ರಲ್ಲಿ ಜೆಸಿಬಿ ತರಿಸಿ ಕಿತ್ತೆ. ಆಸೆ ಹುಟ್ಟಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಲೆಕ್ಕ ನಾನು ಹೇಳುತ್ತೇನೆ. 9 ಅಡಿಗೆ 5 ಅಡಿ ಅಂತರ, ಎಕರೆಗೆ 968 ಬಳ್ಳಿ. ಕಸಿ ಸಸಿ ಒಂದಕ್ಕೆ 65 ರೂಪಾಯಿ. ಕಲ್ಲುಕಂಬ 420, ಒಂದಕ್ಕೆ 280. ಇಳಿಜಾರಿಗೆ ಲಾರಿ ಹತ್ತಲಿಲ್ಲ, ಟ್ರ್ಯಾಕ್ಟರಿನಲ್ಲಿ ಏರಿಸಿದ್ದಕ್ಕೆ ಕಂಬಕ್ಕೆ 40 ಬೇರೆ. ಬರೀ ಕಂಬಕ್ಕೇ 1,34,400. ತಂತಿ, ಡ್ರಿಪ್ಪು, ಗುಂಡಿ, ಗೊಬ್ಬರ ಎಲ್ಲ ಸೇರಿ 5 ಲಕ್ಷ 40 ಸಾವಿರ ಆಯಿತು, ಇನ್ನೂ ಒಂದು ಕಾಯಿ ಕಂಡಿರಲಿಲ್ಲ. ನಾಲ್ಕನೇ ವರ್ಷ ಬೋರ್ ಬತ್ತಿತು. ಎರಡನೇದು 720 ಅಡಿ ಕೊರೆಸಿದೆ, ಬಂದಿದ್ದು ಧೂಳು. ಮೂರನೇದರಲ್ಲಿ ಮುಕ್ಕಾಲು ಇಂಚು.

ಇಷ್ಟನ್ನೂ ತಡೆದುಕೊಂಡೆ. ತಡೆಯಲಾಗದ್ದು ಬೆಲೆ. ಕಾಯಿ ಕೊಳ್ಳುವವರು ಬರೆದುಕೊಟ್ಟಿದ್ದು ಕೆಜಿಗೆ 40. 2017ರ ಫೆಬ್ರವರಿಯಲ್ಲಿ, ಕೊಯ್ದು ಕ್ರೇಟಿಗೆ ತುಂಬಿದ ಮೇಲೆ, 24 ಬ್ರಿಕ್ಸ್ (ಕಾಯಿಯ ಸಿಹಿಯ ಅಳತೆ) ಬೇಕಿತ್ತು 22 ಇದೆ ಅಂತ 26 ರೂಪಾಯಿಗೆ ಇಳಿಸಿದರು. ಬಿಸಿಲು ಏರುತ್ತಿದೆ, ಕಾಯಿ ಬಿಸಿಯಾಗುತ್ತಿದೆ, ಲಾರಿ ಅವರದು. ಏನು ಮಾಡುವುದು? ತಿನ್ನುವುದಕ್ಕೆ ಮಾರೋಣ ಅಂದರೆ ಈ ಕಾಯಿ ಬಟಾಣಿ ಗಾತ್ರ, ದಪ್ಪ ಸಿಪ್ಪೆ, ಬಾಯಿತುಂಬ ಬೀಜ. ಮೈಸೂರಿನ ಮಾರುಕಟ್ಟೆಯಲ್ಲಿ ಒಬ್ಬರೂ ಮುಟ್ಟಲಿಲ್ಲ. ನೆಲದ ಗುಣ ಆಮೇಲೆ ನೋಡಿ, ಮೊದಲು ಕೊಳ್ಳುವವನ ಗುಣ ನೋಡಿ.

ಸ್ವಾತಿಮಳೆ (ನಂಜನಗೂಡು ಕಡೆ): ಗರಸುನೆಲ ಅವರೇ, ನಿಮ್ಮ ನಷ್ಟ ನಿಜ. ಆದರೆ ಯಾವ ಬೇರಿನ ಮೇಲೆ ಕಸಿ ಕಟ್ಟಿದ್ದು ಅಂತ ಹೇಳಲೇ ಇಲ್ಲ. ಡಾಗ್‌ರಿಡ್ಜ್ ಇರಬೇಕು. ಅದು ತಿನ್ನುವ ದ್ರಾಕ್ಷಿಗೆ ಸರಿ. ವೈನ್ ಕಾಯಿಗೆ ಹಾಕಿದರೆ ಸುಮ್ನೆ ಎಲೆ ಬೆಳೆಯುತ್ತೆ, ಗೊಂಚಲು ನೆರಳಿಗೆ ಬೀಳುತ್ತೆ.

ನನ್ನದು ಒಂದೇ ಎಕರೆ ಶಿರಾಜ್, 110ಆರ್ ಬೇರು, ಎಂಟು ವರ್ಷ ಆಯಿತು. ಮೊದಲ ಸಲ ಮಹಾರಾಷ್ಟ್ರದ ಪುಸ್ತಕ ನೋಡಿ ಸೆಪ್ಟೆಂಬರ್ 20ಕ್ಕೆ ಬಳ್ಳಿಯ ಕಡ್ಡಿ ಸವರಿದೆ. ಎಳೆ ಚಿಗುರು ಗೇಣುದ್ದ ಬರುವಷ್ಟರಲ್ಲಿ ಹಸ್ತ ಮಳೆ ಹಿಡಿಯಿತು, ಅದರ ಹಿಂದೆಯೇ ಚಿತ್ತೆ. ಎಲೆ ಮೇಲೆ ಎಣ್ಣೆ ಚುಕ್ಕಿ, ಅಡಿಯಲ್ಲಿ ಬಿಳಿ ಬೂಷ್ಟು. ಡೌನಿ ರೋಗ. 14 ಸಲ ಔಷಧಿ ಹೊಡೆದೆ, ಬೋರ್ಡೋ ದ್ರಾವಣಕ್ಕೆ ಕೈ ನೀಲಿ. ಉಳಿದಿದ್ದು 300 ಕೆಜಿ. ಮಹಾರಾಷ್ಟ್ರದವರ ತಾರೀಕು ನಮಗೆ ಆಗುವುದಿಲ್ಲ, ನಮಗೆ ಜೋರು ಮಳೆ ಬರುವುದೇ ಆಗ. ಈಗ ಅಕ್ಟೋಬರ್ 25 ದಾಟದೆ ಕತ್ತರಿ ಮುಟ್ಟುವುದಿಲ್ಲ. ಮಾರ್ಚ್ ಎರಡನೇ ವಾರ ಕೊಯ್ಲು.

ಬ್ರಿಕ್ಸ್ ಮೀಟರ್ ಒಂದನ್ನೇ ನಂಬಬೇಡಿ. ಬೀಜ ಕಚ್ಚಿ ನೋಡಿ. ಹಸಿರಿದ್ದರೆ ನಾಲಿಗೆ ಒಗರಾಗುತ್ತೆ. ಕಂದು ಬಣ್ಣ ತಿರುಗಿ ಹುರಿಗಡಲೆ ಹಾಗೆ ಕಟುಂ ಅಂದರೆ ಕಾಯಿ ಬಂತು. ಹೋದ ವರ್ಷ 2.2 ಟನ್, ಕೆಜಿಗೆ 55. ಬಂದಿದ್ದು 1,21,000, ಖರ್ಚು 83,000. ಜಾಸ್ತಿ ಅಲ್ಲ, ಆದರೆ ಆ ವೈನ್ ಕುಡಿದಾಗ ಅದು ನನ್ನ ಹೊಲ ಅಂತ ನನಗೆ ಗೊತ್ತಾಯಿತು. ಮೆಣಸಿನ ಕಾಳಿನ ಘಾಟು, ಅದರ ಹಿಂದೆ ಮೊದಲ ಮಳೆಗೆ ನೆನೆದ ಕಲ್ಲಿನ ವಾಸನೆ.

ಗರಸುನೆಲ: ಡಾಗ್‌ರಿಡ್ಜೇ ಹಾಕಿದ್ದು. 2012ರಲ್ಲಿ ನರ್ಸರಿಯವನು ಕೊಟ್ಟಿದ್ದೇ ಅದು. ಬೇರೆ ಇದೆ ಅಂತ ಹೇಳುವವರು ಯಾರಿದ್ದರು ನಮಗೆ? ಬೇರಿನ ಮೇಲೆ ತಪ್ಪು ಹೊರಿಸಿ 14 ರೂಪಾಯಿ ಕತ್ತರಿಸಿದವರನ್ನು ಬಿಟ್ಟುಬಿಡುತ್ತೀರಲ್ಲ.

ದೂರದೂರು (ಮೈಸೂರು, ಮೊದಲು ಕ್ಯಾಲಿಫೋರ್ನಿಯಾ): ಹನ್ನೊಂದು ವರ್ಷ ಸ್ಯಾಂಟಾ ಕ್ರೂಜ್ ಬೆಟ್ಟಸಾಲಿನ ಕೆಳಗೆ ಇದ್ದೆ, ರಜೆಯಲ್ಲಿ ಅಲ್ಲಿನ ತೋಟಗಳಿಗೆ ಕೊಯ್ಲಿಗೆ ಹೋಗುತ್ತಿದ್ದೆ. ಬೆಟ್ಟದ ನೆಲದ ಮಾತು ಸುಳ್ಳಲ್ಲ. ಅಲ್ಲಿನ ರಿಡ್ಜ್ ಅನ್ನುವ ವೈನ್ ಕಂಪನಿಯ ಮಾಂಟೆ ಬೆಲ್ಲೊ ತೋಟ ಸುಣ್ಣದ ಕಲ್ಲಿನ ಮೇಲಿದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ನೆಲ ಅಪರೂಪ. ಅವರ 1971ರ ಕ್ಯಾಬರ್ನೆ 1976ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ, ಕ್ಯಾಲಿಫೋರ್ನಿಯಾದ ಕೆಂಪು ವೈನ್‌ಗಳನ್ನು ಹೆಸರು ಮುಚ್ಚಿ ರುಚಿ ನೋಡಿದ ಪರೀಕ್ಷೆಯಲ್ಲಿ ಐದನೆಯದಾಗಿ ಬಂತು. ಮೂವತ್ತು ವರ್ಷ ಕಳೆದು 2006ರಲ್ಲಿ ಅದೇ ವೈನ್‌ಗಳನ್ನು ಮತ್ತೆ ಸುರಿದಾಗ ಮೊದಲನೆಯದು ಅದೇ. ಬೆಟ್ಟದ ಕಾಯಿ ಚಿಕ್ಕದು, ರಸಕ್ಕಿಂತ ಸಿಪ್ಪೆ ಜಾಸ್ತಿ. ಬಣ್ಣವೆಲ್ಲ ಸಿಪ್ಪೆಯದು, ಒಗರು ಸಿಪ್ಪೆ ಬೀಜ ಎರಡರದ್ದೂ. ಅದಕ್ಕೇ ಅಷ್ಟು ವರ್ಷ ಬಾಳುತ್ತೆ. ನಾನು ಇಲ್ಲಿಗೆ ಬಂದು ಎತ್ತರದ ಜಾಗವೇ ಬೇಕು ಅಂತ ಎರಡು ವರ್ಷ ಹುಡುಕಿದೆ, ಒಂದೂವರೆ ಎಕರೆಗೆ ಕೊಟ್ಟ ಮುಂಗಡ 3 ಲಕ್ಷ ದಾಖಲೆ ಸರಿಯಿಲ್ಲದೆ ಇವತ್ತಿಗೂ ಸಿಕ್ಕಿಹಾಕಿಕೊಂಡಿದೆ.

ಸ್ವಾತಿಮಳೆ: ಸರ್, ಆ ತೋಟದ ತುದಿ ಸುಮಾರು 800 ಮೀಟರ್. ನಮ್ಮ ಮೈಸೂರು ಊರೇ 760 ಮೀಟರ್ ಮೇಲಿದೆ. ಬರೀ ಎತ್ತರದಿಂದ ಆಗುವುದಾದರೆ ಕುವೆಂಪುನಗರದ ಹಿತ್ತಲಲ್ಲೂ ಆಗಬೇಕಿತ್ತು. ಅವರಿಗೆ ಪಕ್ಕದಲ್ಲೇ ತಣ್ಣನೆಯ ಸಮುದ್ರ ಇದೆ, ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತೆ. ಇಲ್ಲಿ ಬಳ್ಳಿ ಮಲಗುವುದೇ ಇಲ್ಲ, ಏಪ್ರಿಲ್‌ನಲ್ಲಿ ಒಂದು ಸಲ ಅಕ್ಟೋಬರ್‌ನಲ್ಲಿ ಒಂದು ಸಲ ನಾವೇ ಸವರಿ ಲೆಕ್ಕ ಕೂಡಿಸಬೇಕು. ಅಲ್ಲಿಯದನ್ನು ತಂದು ಇಲ್ಲಿ ಹೇಳಿದರೆ ಹೊಸಬರು ಹಾಳಾಗುತ್ತಾರೆ.

ದೂರದೂರು: ಇಲ್ಲಿ ಆಗಲ್ಲ ಅಂತ ನಾನೆಲ್ಲಿ ಹೇಳಿದೆ? ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಅವರು 1988ರಲ್ಲಿ ವೈನ್ ತೋಟ ಶುರು ಮಾಡಿದಾಗಲೂ ಎಲ್ಲರೂ ಹೀಗೇ ಅಂದಿದ್ದರು. ಆಮೇಲೆ ಫ್ರಾನ್ಸಿನ ಬೋರ್ಡೊದ ವೈನ್ ತಜ್ಞ ಮಿಷೆಲ್ ರೋಲಾನ್ ಅಂಥವರೇ ಬಂದು ಸಲಹೆ ಕೊಟ್ಟರು. 100 ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ಜಾಸ್ತಿ ತಂಪು. ರಾತ್ರಿ ತಂಪಾದರೆ ಕಾಯಿಯ ಹುಳಿ ಉಳಿಯುತ್ತೆ. ನಿಮ್ಮ ಶಿರಾಜ್‌ನ ಪಿಎಚ್ (ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಎಷ್ಟು ಅಂತ ಹೇಳಿ ನೋಡೋಣ.

ಸ್ವಾತಿಮಳೆ: 3.75. ಮಾರ್ಚ್ ಸೆಕೆಗೆ ಇದು ಒಳ್ಳೆಯದೇ. ತೋಟ ಮಾಡಿ ಆಮೇಲೆ ಕೇಳಿ.

ಮಂಡ್ಯದಕ್ಕ: ಎಲ್ಲರೂ ಕಂಬದ ಲೆಕ್ಕ, ಎತ್ತರದ ಲೆಕ್ಕ ಹೇಳಿದಿರಿ. ಕೆಲಸ ಮಾಡುವವರು ಯಾರು ಅಣ್ಣ? ನಮ್ಮ ಮನೆಯವರು ಕ್ಯಾಬರ್ನೆ ಹಾಕಿಸಿ ಬೆಂಗಳೂರಿಗೆ ಹೋಗುತ್ತಾರೆ, ತೋಟದಲ್ಲಿ ನಾನು ಮತ್ತು ನಮ್ಮತ್ತೆ. ಗೊಂಚಲಿಗೆ ಗಾಳಿ ಆಡಲಿ ಅಂತ ಸುತ್ತಲ ಎಲೆ ಕೀಳಬೇಕು, ಒಂದೊಂದು ಬಳ್ಳಿಗೂ ಬಗ್ಗಿ. ಮೊದಲ ವರ್ಷ ಹೇಳಿಕೊಡುವವರಿಲ್ಲದೆ ಎರಡೂ ಕಡೆ ಕಿತ್ತೆವು. ಮಧ್ಯಾಹ್ನದ ಬಿಸಿಲು ನೇರ ಬಿದ್ದು ಪಡುವಣ ಕಡೆಯ ಕಾಯೆಲ್ಲ ಸುಟ್ಟು ಒಣದ್ರಾಕ್ಷಿ ಆಯಿತು. ನಾನೂರು ಕೆಜಿ. ಈಗ ಮೂಡಣ ಕಡೆಯದು ಮಾತ್ರ ಕೀಳುತ್ತೇವೆ, ಅಲ್ಲಿಗೆ ಬೀಳುವುದು ಬೆಳಗಿನ ಎಳೆಬಿಸಿಲು. ಆಮೇಲೆ ಬಲೆ, ಎಕರೆಗೆ 58 ಸಾವಿರ. ಕಾಯಿಗೆ ಬಣ್ಣ ತಿರುಗಿದ ದಿನವೇ ಗಿಳಿ ಹಿಂಡು ಬರುತ್ತೆ, ನವಿಲು ಕೆಳಗಿನಿಂದ ನುಗ್ಗುತ್ತೆ. ಅತ್ತೆಗೆ ಬೆನ್ನು ಹಿಡಿದುಕೊಂಡು ಆರು ತಿಂಗಳಾಯಿತು. ಕೂಲಿ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಅಂತ ಯಾರೂ ಬರೆದಿಲ್ಲ ಇಲ್ಲಿ.

ಸ್ವಾತಿಮಳೆ: ಅಕ್ಕ, ನಮ್ಮ ಮನೆಯಲ್ಲೂ ಎಲ್ಲರೂ ಮಾಡುತ್ತಾರೆ.

ಮಂಡ್ಯದಕ್ಕ: ಆ 83,000 ಖರ್ಚಿನಲ್ಲಿ ನಿಮ್ಮ ಮನೆಯವರ ಕೂಲಿ ಸೇರಿದೆಯಾ? ಹೂಂ ಅಥವಾ ಉಹೂಂ ಹೇಳಿ.

ಸ್ವಾತಿಮಳೆ: ಸೇರಿಲ್ಲ.

ಗರಸುನೆಲ: ಅಲ್ವಾ ಮತ್ತೆ. ಅಕ್ಕ ಹೇಳಿದ್ದು ಬರೆದಿಟ್ಟುಕೊಳ್ಳಿ. ಇನ್ನೊಂದು, ಕಬ್ಬಿಣದ ಕಂಬ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಗಾಳಿಗೆ ಬಾಗುತ್ತೆ.

ಸ್ವಾತಿಮಳೆ: ನನ್ನದು ಕಬ್ಬಿಣದ್ದೇ. ಎಂಟು ವರ್ಷದಲ್ಲಿ ಒಂದೂ ಬಾಗಿಲ್ಲ. ಕೊನೆಯ ಕಂಬಕ್ಕೆ ಆಸರೆ ಸರಿಯಾಗಿ ಕೊಟ್ಟಿರಬೇಕು ಅಷ್ಟೇ. ಕಲ್ಲಿನದು ಬಿರುಕು ಬಿಟ್ಟರೆ ಸಾಲಿಗೆ ಸಾಲೇ ಮಲಗುತ್ತೆ.

ಗರಸುನೆಲ: ಏಳು ವರ್ಷದಲ್ಲಿ ನನ್ನ ಒಂದು ಕಂಬವೂ ಬಿರುಕು ಬಿಟ್ಟಿಲ್ಲ. ಬಳ್ಳಿ ಹೋಯಿತು, ಕಂಬ ನಿಂತಿದ್ದವು.

ಹುರುಳಿಹೊಲ: ಕಂಬದ ವಿಷಯ ಸ್ವಲ್ಪ ಬಿಡಿ. ಭಾನುವಾರ ಹೋಗಿ ಮೂರು ಕಡೆ ನಾಲ್ಕಡಿ ಗುಂಡಿ ತೆಗೆಸಿದೆ. ಮೇಲೆ ಒಂದಡಿ ಕೆಂಪು, ಆಮೇಲೆ ಗರಸು. ಎರಡೂವರೆ ಅಡಿಯಲ್ಲಿ ಬಿಳಿ ಗಂಟುಗಳು, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತೆ.

ದೂರದೂರು: ಅದರ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಸುಣ್ಣ.

ಹುರುಳಿಹೊಲ: ಹಿಂಡಿದೆ. ನೊರೆ ಬಂತು, ಚುರ್ ಅಂತ ಸದ್ದೂ ಬಂತು.

ಸ್ವಾತಿಮಳೆ: ಹಾಗಾದರೆ ಮೊದಲು ಮಣ್ಣು ಪರೀಕ್ಷೆಗೆ ಕೊಡಿ, ಸುಣ್ಣ ಎಷ್ಟಿದೆ ನೋಡಿಕೊಂಡು ಬೇರು ಆರಿಸಿ. ಎರಡೂವರೆ ಎಕರೆಗೂ ಒಟ್ಟಿಗೆ ಹಾಕಬೇಡಿ. ಒಂದಿಂಚು ನೀರಿಗೆ ಮುಕ್ಕಾಲು ಎಕರೆ ಸಾಕು.

ಗರಸುನೆಲ: ನನ್ನ 420 ಕಂಬ ಹೊಲದ ಅಂಚಿನಲ್ಲೇ ಬಿದ್ದಿವೆ. ಹಾಕಲೇಬೇಕು ಅಂತಿದ್ದರೆ ಬಂದು ನೋಡಿ, ಬೆಲೆ ಆಮೇಲೆ ಮಾತಾಡೋಣ. ಸ್ವಾತಿಮಳೆಯವರನ್ನು ಕರೆದುಕೊಂಡು ಬರಬೇಡಿ.