ನೀರು ಕಟ್ಟಿ ತೊಳೆದ ಮೇಲೆ ಗದ್ದೆ ಇನ್ನೂ ಬಿಗಿಯಾಯ್ತು, ಯಾಕೆ?

ಎರೆಹೊಲ:
ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಎರೆ ಭೂಮಿ. ಭತ್ತ ಬೆಳೆಯುತ್ತೇವೆ. ತಗ್ಗಿನ ಮಡಿಗಳಲ್ಲಿ ಪೈರು ಏಳುತ್ತಿಲ್ಲ. ಪಕ್ಕದ ಹೊಲದವರು ನೀರು ಕಟ್ಟಿ, ಬಸಿದು ಸವಳು ತೊಳೆದರು, ಅವರಿಗೆ ಸರಿಹೋಯ್ತು. ನಾವೂ ಹಾಗೇ ಮಾಡಿದೆವು. ಈಗ ನೀರು ಇಂಗುತ್ತಲೇ ಇಲ್ಲ, ಕದಡಿಕೊಂಡು ನಿಂತಿರುತ್ತದೆ. ಒಣಗಿದರೆ ಮೇಲ್ಮೈ ಕಪ್ಪಗೆ, ಎಣ್ಣೆ ಚೆಲ್ಲಿದ ಹಾಗೆ. ಮಣ್ಣಿನ ರಿಪೋರ್ಟ್: ಪಿಎಚ್ 8.9, ಇಸಿ 1.1, ಇಎಸ್‌ಪಿ 22. ಇಸಿ ಕಮ್ಮಿ ಇದೆ ಅಂದರೆ ಉಪ್ಪೇ ಇಲ್ಲ ಅಲ್ವಾ?

ಮಣ್ಣುಪರೀಕ್ಷೆ:
ಅಣ್ಣಾ, ಪಕ್ಕದವರದು ಬೇರೆ ರೋಗ, ನಿಮ್ಮದು ಬೇರೆ. ಇಸಿ ಅಂದರೆ ಕರಗಿದ ಉಪ್ಪಿನ ಅಳತೆ, ಅದು 4 ದಾಟಿದರೆ ಸವಳು. ಅಲ್ಲಿ ಉಪ್ಪು ಮಣ್ಣಿನ ನೀರಿನಲ್ಲಿ ಕರಗಿರುತ್ತದೆ, ತೊಳೆದರೆ ಹೋಗುತ್ತದೆ. ನಿಮ್ಮದು ಕ್ಷಾರ ಮಣ್ಣು. ಇಎಸ್‌ಪಿ ಅಂದರೆ ಜೇಡಿ ಕಣಕ್ಕೆ ಅಂಟಿದ ಪ್ಲಸ್ ಚಾರ್ಜ್ ಅಂಶಗಳಲ್ಲಿ ಸೋಡಿಯಂನ ಶೇಕಡಾ ಪಾಲು. ಅದು 15ಕ್ಕಿಂತ ಜಾಸ್ತಿ ಅಂದರೆ ಸೋಡಿಯಂ ನೀರಿನಲ್ಲಿ ಮಾತ್ರ ಅಲ್ಲ, ಜೇಡಿ ಕಣಕ್ಕೇ ಅಂಟಿಕೊಂಡಿದೆ.

ಜೇಡಿ ಕಣದ ಮೇಲೆ ಮೈನಸ್ ಚಾರ್ಜ್ ಇರುತ್ತದೆ. ಕ್ಯಾಲ್ಸಿಯಂಗೆ ಎರಡು ಪ್ಲಸ್, ಅದು ಕಣಗಳನ್ನು ಒತ್ತಾಗಿ ಹಿಡಿಯುತ್ತದೆ. ಸೋಡಿಯಂಗೆ ಒಂದೇ, ಅದರ ಸುತ್ತ ನೀರು ಬೇರೆ ಮುತ್ತಿರುತ್ತದೆ, ಹಿಡಿತ ಸಡಿಲ. ಆದರೂ ಮಣ್ಣಿನ ನೀರಿನಲ್ಲಿ ಸಾಕಷ್ಟು ಉಪ್ಪು ಇರುವ ತನಕ ಕಣಗಳು ಗುಂಪಾಗೇ ಇರುತ್ತವೆ. ನೀವು ಸಿಹಿ ನೀರಿಂದ ತೊಳೆದಾಗ ಆ ಉಪ್ಪು ಹೋಯಿತು, ಅಂಟಿದ ಸೋಡಿಯಂ ಉಳಿಯಿತು. ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಟ್ಟವು. ಕಪ್ಪು ಬಣ್ಣ ಕದಡಿ ಮೇಲೆ ಬಂದ ಸಾವಯವ ಅಂಶದ್ದು.

ನೀವೇ ನೋಡಿ. ಎರಡು ಗಾಜಿನ ಲೋಟದಲ್ಲಿ ಮಳೆನೀರು ಹಾಕಿ, ಎರಡಕ್ಕೂ ಒಂದೊಂದು ಚಮಚ ಮಣ್ಣು ಹಾಕಿ. ಒಂದಕ್ಕೆ ಮಾತ್ರ ಚಿಟಿಕೆ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಹಾಕಿ. ಎರಡನ್ನೂ ಕಲಕಿ ರಾತ್ರಿಯಿಡೀ ಬಿಡಿ.

ಎರೆಹೊಲ:
ಸರ್, ಜಿಪ್ಸಂ ಹಾಕಿದ ಲೋಟದಲ್ಲಿ ಮಣ್ಣು ಕೆಳಗೆ ಕೂತು ಮೇಲಿನ ನೀರು ತಿಳಿಯಾಗಿದೆ. ಇನ್ನೊಂದು ಇವತ್ತಿಗೂ ಚಹಾದ ಹಾಗೇ ಇದೆ! ಬೇಸಿಗೆಯಲ್ಲಿ ಬೋರ್ ನೀರೂ ಬಿಡುತ್ತೇವೆ. ಅದರ ರಿಪೋರ್ಟ್‌ನಲ್ಲಿ ಲೀಟರಿಗೆ ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ ಕ್ಯಾಲ್ಸಿಯಂ 3, ಮೆಗ್ನೀಸಿಯಂ 1, ಬೈಕಾರ್ಬೊನೇಟ್ 7, ಕಾರ್ಬೊನೇಟ್ ಇಲ್ಲ.

ಬಸಿಗಾಲುವೆ:
ಜಿಪ್ಸಂಗೆ ದುಡ್ಡು ಹಾಕುವ ಮೊದಲು ನೀರು ಹೊರಗೆ ಹೋಗಲು ದಾರಿ ಮಾಡಿ. ಕ್ಯಾಲ್ಸಿಯಂ ಸೋಡಿಯಂ ಜಾಗಕ್ಕೆ ಕೂತರೆ ಸೋಡಿಯಂ ಸಲ್ಫೇಟ್ ಆಗಿ ನೀರಿಗೆ ಬರುತ್ತದೆ. ಅದು ಹೊರಗೆ ಹೋಗದಿದ್ದರೆ ಬೇಸಿಗೆಯಲ್ಲಿ ಮತ್ತೆ ಮೇಲಕ್ಕೇ ಬರುತ್ತದೆ.

ಮಣ್ಣುಪರೀಕ್ಷೆ:
ಬಸಿಗಾಲುವೆ ಅವರ ಮಾತು ಸರಿ, ಅದೇ ಮೊದಲ ಕೆಲಸ. ಇನ್ನು ಬೋರ್ ನೀರು: ಬೈಕಾರ್ಬೊನೇಟ್ 7ರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ 4 ಕಳೆಯಿರಿ, 3 ಉಳಿಯುತ್ತದೆ. 2.5 ದಾಟಿದರೆ ಆ ನೀರು ಹೊಲಕ್ಕೆ ಒಳ್ಳೆಯದಲ್ಲ. ಹೊಲ ಒಣಗುತ್ತಾ ಬಂದಾಗ ಬೈಕಾರ್ಬೊನೇಟ್ ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಕಟ್ಟಿಹಾಕುತ್ತದೆ. ಕರಗಿದ ನೀರಿನಲ್ಲಿ ಸೋಡಿಯಂದೇ ಮೇಲುಗೈ ಆಗುತ್ತದೆ. ಜಿಪ್ಸಂ ಹಾಕುತ್ತಾ ಇದೇ ನೀರು ಬಿಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಆ 3ನ್ನು ಪೂರ್ತಿ ಸರಿದೂಗಿಸಲು ಎಕರೆಗೆ ಒಂದು ಇಂಚು ನೀರು ಬಿಟ್ಟಾಗೆಲ್ಲ ಸುಮಾರು 26 ಕೆಜಿ ಶುದ್ಧ ಜಿಪ್ಸಂ ಬೇಕು. ಇದು ನೀರಿನ ಲೆಕ್ಕ ಅಷ್ಟೇ. ಮಣ್ಣಿಗೆ ಎಷ್ಟು ಅನ್ನೋದನ್ನು ಲ್ಯಾಬ್‌ನಲ್ಲಿ ‘ಜಿಪ್ಸಂ ಅಗತ್ಯ’ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ಈ ಭಾಗದ ಸವಳು ಮಣ್ಣಿನ ಮೇಲೆ ಕೆಲಸ ಮಾಡುತ್ತಾರೆ, ಅಲ್ಲೂ ವಿಚಾರಿಸಿ.

ಜಿಪ್ಸಂ ಅನ್ನು ಆಳಕ್ಕೆ ಉಳಬೇಡಿ, ಮೇಲಿನ ನಾಲ್ಕು ಇಂಚಿನಲ್ಲಿ ಬೆರೆಸಿದರೆ ಸಾಕು. ಕಾಲುವೆ ನೀರು ಬಂದಾಗ ಅದನ್ನೇ ಕಟ್ಟಿ ನಿಲ್ಲಿಸಿ. ಜಿಪ್ಸಂ ಲೀಟರಿಗೆ ಎರಡು ಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ, ಅವಸರ ಮಾಡಿದರೆ ಆಗಲ್ಲ. ಪಿಎಚ್ ಇಷ್ಟಿರುವಾಗ ಸತುವೂ ಬೇರಿಗೆ ಸಿಗುವುದಿಲ್ಲ. ಎಲೆ ಮೇಲೆ ತುಕ್ಕಿನಂಥ ಚುಕ್ಕೆ ಕಂಡರೆ ಹೇಳಿ.

ಎರೆಹೊಲ:
ಚುಕ್ಕೆ ಇವೆ ಸರ್, ನಾನು ರೋಗ ಅಂದುಕೊಂಡಿದ್ದೆ. ಜಿಪ್ಸಂ ಜೊತೆಗೇ ಸತುವಿನ ಸಲ್ಫೇಟ್ ಹಾಕಬಹುದಾ?

ಮಣ್ಣುಪರೀಕ್ಷೆ:
ಬೇಡ. ಜಿಪ್ಸಂ ಹಾಕಿ, ನೀರು ಬಸಿದ ಮೇಲೆ, ನಾಟಿಗೆ ಮುಂಚಿನ ಕೊನೇ ಕೆಸರಿಗೆ ಹಾಕಿ. ಮೊದಲೇ ಹಾಕಿದರೆ ತೊಳೆದ ನೀರಿನ ಜೊತೆ ಸ್ವಲ್ಪ ಹೊರಟುಹೋಗುತ್ತದೆ.