ಪದಚರ್ಚೆ: ಮಕ್ಕಳ ‘ವೀಸಿಂಗ್’ಗೆ ‘ಗೊರಗೊರ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿ ಕಡೆಯ ಅಂಗನವಾಡಿಗಳಿಗೆಂದು ಮಕ್ಕಳ ಅಸ್ತಮಾ ಕುರಿತು ಕರಪತ್ರವೊಂದು ತಯಾರಾಗುತ್ತಿದೆ. ಕರಡಿನಲ್ಲಿ ‘ವೀಸಿಂಗ್’ಗೆ, ಅಂದರೆ ಉಸಿರಿನ ಸಿಳ್ಳೆ ಸದ್ದಿಗೆ, ‘ಎದೆಯಲ್ಲಿ ಗೊರಗೊರ’ ಎಂದಿದೆ. ನನಗೆ ಒಪ್ಪಿಗೆಯಿಲ್ಲ. ಗೊರಗೊರ ಎಂದರೆ ಗಂಟಲು, ದೊಡ್ಡ ಉಸಿರುನಾಳದಲ್ಲಿ ಕಫ ಅಲ್ಲಾಡುವ ಸದ್ದು. ಕೆಮ್ಮಿದರೆ ಬದಲಾಗುತ್ತದೆ, ಬೆನ್ನ ಮೇಲಿಟ್ಟ ಅಂಗೈಗೂ ತಿಳಿಯುತ್ತದೆ. ಬರೀ ಶೀತವಾದ ಕೂಸಿಗೂ ಇರುತ್ತದೆ. ವೀಸಿಂಗ್ ಬರುವುದು ಒಳಗಿನ ಸಣ್ಣ ನಾಳಗಳು ಬಿಗಿದಾಗ, ಹೆಚ್ಚಾಗಿ ಉಸಿರು ಬಿಡುವಾಗ, ಸಪೂರ ಸಿಳ್ಳೆಯ ಹಾಗೆ. ‘ಕುಂಯ್ ಕುಂಯ್’ ಎಂದರೆ ಅಮ್ಮಂದಿರಿಗೆ ತಟ್ಟನೆ ಗೊತ್ತಾಗುತ್ತದೆ. ಉಸಿರೆಳೆಯುವಾಗ ಗಂಟಲಿನಿಂದ ಬರುವ ಕರ್ಕಶ ಸದ್ದು ಮತ್ತೆ ಬೇರೆಯೇ; ಅದಕ್ಕೆ ಕೂಡಲೇ ವೈದ್ಯರನ್ನು ಕಾಣಬೇಕು.

‘ಉಬ್ಬಸ’ ಏದುವ ಸ್ಥಿತಿಗೆ ಹೆಸರು, ಸದ್ದಿಗೆ ಹೊಂದದು. ‘ದಮ್ಮು’ ಎಂದರೆ ಪ್ರಾಯದವರ ಕಾಯಿಲೆ ಎಂದುಕೊಂಡಾರು. ಸದ್ದನ್ನೇ ನೆಚ್ಚಿ ಬರೆಯುವುದೂ ಅಪಾಯ: ನಾಳ ತೀರಾ ಬಿಗಿದರೆ ಗಾಳಿಯೇ ಆಡದೆ ಸಿಳ್ಳೆ ನಿಂತುಹೋಗುತ್ತದೆ, ಮನೆಯವರು ಗುಣವಾಯಿತೆಂದುಕೊಳ್ಳುತ್ತಾರೆ. ಆದ್ದರಿಂದ ಪಕ್ಕದಲ್ಲೇ ‘ಪಕ್ಕೆ ಒಳಗೆ ಸೆಳೆಯುವುದು’ ಇರಲಿ. ಅಂಗಿ ಬಿಚ್ಚಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ‘ಬೇಗದ ಉಸಿರು’ ಎಂದಷ್ಟೇ ಬರೆದರೆ ಸಾಲದು. 1ರಿಂದ 5 ವರ್ಷದ ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿ, 40 ಅಥವಾ ಅದಕ್ಕೂ ಹೆಚ್ಚಿದ್ದರೆ ಎಂದು ಬಿಡಿಸಿ ಹೇಳಬೇಕು.

‘ಆವಿ’ ಇನ್ನೂ ತೊಡಕಿನದು. ನೆಬ್ಯುಲೈಸರ್ ಯಂತ್ರಕ್ಕೂ ‘ಆವಿ ಕೊಡುವುದು’ ಎನ್ನುತ್ತೇವೆ, ಬಿಸಿನೀರಿನ ಪಾತ್ರೆಗೂ ಅದೇ ಮಾತು. ನೆಬ್ಯುಲೈಸರಿನಿಂದ ಬರುವುದು ಔಷಧಿಯ ಸಣ್ಣ ಹನಿಗಳು. ಕುದಿನೀರಿನ ಹಬೆಯಲ್ಲಿ ಔಷಧಿಯಿಲ್ಲ, ಬಿಗಿದ ನಾಳ ಅದರಿಂದ ಸಡಿಲವಾಗದು. ಪಾತ್ರೆ ಮಗುಚಿದರೆ ಮಗು ಸುಟ್ಟುಕೊಳ್ಳುತ್ತದೆ. ‘ಔಷಧಿ ಮಂಜು’ ಎನ್ನಬಹುದೇ?

ಇನ್‌ಹೇಲರಿನ ‘2 ಪಫ್’ ಅನ್ನು ‘ಎರಡು ಸಲ ಒತ್ತಿ’ ಎಂದರೆ ಒಟ್ಟಿಗೇ ಒತ್ತಿಬಿಡುತ್ತಾರೆ, ಔಷಧಿ ಸ್ಪೇಸರಿನ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆಯ) ಗೋಡೆಗೇ ಅಂಟುತ್ತದೆ. ಹೀಗಿದ್ದರೆ ಒಳ್ಳೆಯದು: ‘ಇನ್‌ಹೇಲರ್ ಕುಲುಕಿ, ಮಾಸ್ಕ್ ಅನ್ನು ಮೂಗು-ಬಾಯಿಗೆ ಸಂದಿಯಿಲ್ಲದಂತೆ ಹಿಡಿದು ಒಮ್ಮೆ ಒತ್ತಿ. ಮಗು 5–6 ಸಲ ಉಸಿರಾಡಲಿ. ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎರಡನೆಯದು.’

ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳುವಿಗೆ (ಡಸ್ಟ್ ಮೈಟ್) ‘ಧೂಳುನುಸಿ’ ಮಾತ್ರ ಬೇಡವೇ ಬೇಡ. ನಮ್ಮಲ್ಲಿ ನುಸಿ ಎಂದರೆ ಸೊಳ್ಳೆ. ಓದಿದವರು ನುಸಿಬತ್ತಿ ಹಚ್ಚಿಯಾರು, ಆ ಹೊಗೆಯೇ ಮಗುವಿನ ಉಬ್ಬಸ ಕೆರಳಿಸುತ್ತದೆ. ‘ಹಾಸಿಗೆಯ ಧೂಳುಹುಳು’ ಆಗಬಹುದೇನೋ.

ಕುಂದಾಪುರ, ಕಾರ್ಕಳದ ಕಡೆ ಆ ಸಿಳ್ಳೆಯುಸಿರಿಗೆ ಮನೆಮಾತಿನಲ್ಲಿ ಏನನ್ನುತ್ತಾರೆ? ಬಲ್ಲವರು ತಿಳಿಸಿ.